ಹೆಸರಿಡುವ ಮೊದಲು ಸೀಳಿ ನೋಡಿ

ಅರಕೇರಿ, ತಿಕೋಟಾ, ಬಬಲೇಶ್ವರ ಮತ್ತು ವಿಜಯಪುರ ನಗರದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತಿರುವ ಶಿಕ್ಷಕ ಶಿಕ್ಷಕಿಯರಿಗೆ,

ಮಿರಗದ ಮಳೆಯಿಂದ ಹಿಡಿದು ಹಸ್ತ, ಚಿತ್ತಿಯವರೆಗೆ ಹುಡುಗರ ಕೈಗೆ ಅಣಬೆ ಸಿಗುವ ಕಾಲ. ಹೊಲದ ಬದುವಿನಲ್ಲಿ, ಕುರಿ ತರುಬಿದ ಜಾಗದಲ್ಲಿ, ಹುತ್ತದ ಬುಡದಲ್ಲಿ ಎದ್ದದ್ದನ್ನು ಅವರು ಕಿತ್ತು ತರುತ್ತಾರೆ, ಇಲ್ಲವೇ ಮೊಬೈಲ್‌ನಲ್ಲಿ ಫೋಟೊ ತೆಗೆದು ತರುತ್ತಾರೆ. ‘ಇದರ ಹೆಸರೇನ್ರಿ ಸರ?’ ಎಂಬುದು ಅವರ ಮೊದಲ ಪ್ರಶ್ನೆ, ‘ತಿನ್ನಾಕ ಬರ್ತದೇನ್ರಿ?’ ಎಂಬುದು ಎರಡನೆಯದು. ಈ ಎರಡಕ್ಕೂ ತಕ್ಷಣ ಉತ್ತರ ಕೊಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಅಣಬೆಯ ಹೆಸರು ಅದರ ಟೊಪ್ಪಿಗೆಯ ಮೇಲೆ ಬರೆದಿರುವುದಿಲ್ಲ. ಅದು ಇಡೀ ದೇಹದಲ್ಲಿ ಹರಡಿಕೊಂಡಿರುತ್ತದೆ: ಮಣ್ಣಿನೊಳಗಿನ ಬುಡದಲ್ಲಿ, ದಂಟಿನ ಒಳಗೆ, ಬೀಜಾಣುವಿನ ಬಣ್ಣದಲ್ಲಿ, ಅದು ಎದ್ದ ನೆಲದಲ್ಲಿ. ಇವನ್ನೆಲ್ಲ ನೋಡಿ ಬರೆದುಕೊಳ್ಳುವ ಮೊದಲು ಹೇಳಿದ ಹೆಸರು ಬರೀ ಊಹೆ. ಅಪರೂಪದ ಅಣಬೆಯ ವಿಷಯದಲ್ಲಂತೂ ಊಹೆಯಿಂದ ಎರಡು ನಷ್ಟ. ಸಿಕ್ಕದ್ದು ಏನೆಂದು ತಿಳಿಯದೆ ಹೋಗುತ್ತದೆ, ಮತ್ತೆ ಹುಡುಕುವ ದಾರಿಯೂ ಮುಚ್ಚುತ್ತದೆ.

ನಮ್ಮ ಭಾಗದಲ್ಲಿ ಅಣಬೆ ಎಂದರೆ ಮಲೆನಾಡಿನ ಮಾತು ಎಂಬ ಭಾವನೆ ಗಟ್ಟಿಯಾಗಿದೆ. ಕೊಡಗಿನ ಕಕ್ಕಡ ತಿಂಗಳ ಕುಮ್ಮು, ಕರಾವಳಿಯವರು ಮಳೆಗಾಲದ ಆರಂಭದಲ್ಲಿ ಮಣ್ಣು ಕೆದಕಿ ತೆಗೆಯುವ ಕಲ್ಲಣಬೆ, ಪಶ್ಚಿಮಘಟ್ಟದ ಕಾಡಿನ ನೂರಾರು ಜಾತಿಗಳು, ಇವುಗಳ ಬಗ್ಗೆ ಬರಹಗಳೂ ಸಂಶೋಧನೆಗಳೂ ಸಾಕಷ್ಟಿವೆ. ನಮ್ಮ ಭಾಗದ ಮುಮ್ಮೆಟ್ಟಿ ಗುಡ್ಡದ ಸುತ್ತಲಿನ ನೆಲ ಹಾಗಲ್ಲ. ಕರಿಕಲ್ಲಿನ ಮೇಲೆ ತೆಳ್ಳಗೆ ಹಾಸಿದ ಗರಸು ಮಣ್ಣು, ತಗ್ಗಿನಲ್ಲಿ ಎರೆ, ಅಲ್ಲಲ್ಲಿ ಜಾಲಿ, ಉಳಿದದ್ದು ಹುಲ್ಲು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನ ಹುಬ್ಬಿ, ಉತ್ತರಿ ಮಳೆಗಳಲ್ಲಿ. ಅಮೋಘಸಿದ್ಧನ ಜಾತ್ರೆಗೆ ಗುಡ್ಡ ಹತ್ತುವ ಸಾವಿರಾರು ಮಂದಿಯಲ್ಲಿ ಇಲ್ಲಿ ಅಣಬೆ ಹುಡುಕಬೇಕೆಂದು ಯಾರಿಗೂ ಅನಿಸಲಿಕ್ಕಿಲ್ಲ. ಆದರೆ ಶಿಲೀಂಧ್ರಶಾಸ್ತ್ರದ ಚರಿತ್ರೆ ಬೇರೆ ಮಾತು ಹೇಳುತ್ತದೆ. 1771ರಲ್ಲಿ ಕಾರ್ಲ್ ಲಿನೇಯಸ್ ಭಾರತದಿಂದ ಹೋದ ಒಂದು ಅಣಬೆಗೆ ‘ಲೈಕೊಪರ್ಡಾನ್ ಪಿಸ್ಟಿಲಾರೆ’ ಎಂದು ಹೆಸರಿಟ್ಟ. ಅದು ಒಣನೆಲದ ಅಣಬೆ, ಇಂದು ‘ಪೊಡಾಕ್ಸಿಸ್ ಪಿಸ್ಟಿಲಾರಿಸ್’ ಎಂಬ ಹೆಸರಿನಲ್ಲಿದೆ. ರಾಜಸ್ಥಾನದ ಮರಳುಗಾಡು, ಗುಜರಾತ್, ಮಹಾರಾಷ್ಟ್ರ, ಆಫ್ರಿಕಾ, ಆಸ್ಟ್ರೇಲಿಯಾ, ಅಮೆರಿಕದ ಒಣ ಪ್ರದೇಶಗಳು, ಹೀಗೆ ಬಿಸಿಲು ಹೆಚ್ಚಿ ಮಳೆ ಕಡಿಮೆಯಾದ ಕಡೆಗಳಿಂದೆಲ್ಲ ಇದು ದಾಖಲಾಗಿದೆ. ನಿಮ್ಮ ಊರಿನ ನೆಲ ಅದೇ ಬಗೆಯದು. ನಿಮ್ಮ ವಿದ್ಯಾರ್ಥಿಯ ಕೈಗೆ ಇಂಥದ್ದು ಸಿಕ್ಕರೆ ಅದನ್ನು ಗುರುತಿಸಬೇಕಾದವರು ನೀವು.

ಅದನ್ನು ಹತ್ತಿರದಿಂದ ನೋಡೋಣ. ನೆಲದಿಂದ ಒಂದು ಗೇಣಿನಷ್ಟು, ಕೆಲವೊಮ್ಮೆ ಅದಕ್ಕಿಂತ ಎತ್ತರಕ್ಕೆ ಎದ್ದ ಬಿಳಿ ಕಂಬ. ಅದರ ಮೇಲರ್ಧಕ್ಕೆ ಉದ್ದನೆಯ ಮೊಟ್ಟೆಯಾಕಾರದ ಟೊಪ್ಪಿಗೆ, ಮುಚ್ಚಿಟ್ಟ ಕೊಡೆಯಂತೆ ದಂಟಿಗೆ ಅಂಟಿಕೊಂಡಿರುತ್ತದೆ. ಟೊಪ್ಪಿಗೆಯ ಮೈಮೇಲೆ ಬಿಳಿ ಅಥವಾ ಮಾಸಲು ಕಂದು ಹೊಪ್ಪಳಿಕೆಗಳು, ಬಲಿತಂತೆ ಉದುರಿ ಕೆಳಗಿನ ನುಣುಪು ಚರ್ಮ ಕಾಣುತ್ತದೆ. ಬುಡ ಗಡ್ಡೆಯಂತೆ ಉಬ್ಬಿ ಮಣ್ಣನ್ನು ಕಚ್ಚಿರುತ್ತದೆ. ಇದಿಷ್ಟು ಫೋಟೊದಲ್ಲಿ ಕಾಣುವುದು. ಈಗ ಚೂಪಾದ ಬ್ಲೇಡಿನಿಂದ ತುದಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ. ಬ್ಲೇಡು ಸುಲಭವಾಗಿ ಇಳಿಯುವುದಿಲ್ಲ, ದಂಟು ನಾರುನಾರಾಗಿ ಕಟ್ಟಿಗೆಯಂತೆ ಗಟ್ಟಿ. ಎರಡು ಹೋಳನ್ನು ಬಿಡಿಸಿಟ್ಟರೆ ಆ ದಂಟು ಟೊಪ್ಪಿಗೆಯ ಕೆಳಗೆ ನಿಲ್ಲದೆ, ಅದರ ನಡುವೆ ಹಾದು ನೆತ್ತಿಯವರೆಗೂ ಹೋಗಿ ಸೇರಿರುವುದು ಕಾಣುತ್ತದೆ. ದಂಟಿಗೂ ಟೊಪ್ಪಿಗೆಯ ಗೋಡೆಗೂ ನಡುವಿನ ಜಾಗದಲ್ಲಿ ಸಾಮಾನ್ಯ ಅಣಬೆಗಿರುವ ಎಸಳೆಸಳಾದ ಕಿವಿರುಗಳಿಲ್ಲ. ಎಳೆಯದಾದರೆ ಬಿಳಿ ತಿರುಳು, ಮುಂದೆ ಹಳದಿ, ಕೆಂಗಂದು, ಕೊನೆಗೆ ಕಪ್ಪಿಗೆ ತಿರುಗಿದ ಒಣ ಪುಡಿ. ಆ ಪುಡಿಯೇ ಬೀಜಾಣು. ಚಿಟಿಕೆ ಪುಡಿಯನ್ನು ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹತ್ತು ಮೈಕ್ರಾನ್ ದಾಟಿದ, ದಪ್ಪ ಗೋಡೆಯ, ನುಣುಪಾದ ಬೀಜಾಣುಗಳೂ ಅವುಗಳ ನಡುವೆ ಸುರುಳಿ ಬಿದ್ದ ಎಳೆಗಳೂ ಕಾಣಸಿಗುತ್ತವೆ. ಟೊಪ್ಪಿಗೆ ಎಂದೂ ಕೊಡೆಯಂತೆ ಅರಳುವುದಿಲ್ಲ. ಬಲಿತ ಮೇಲೆ ಅದರ ಕೆಳಅಂಚು ದಂಟನ್ನು ಬಿಟ್ಟು ಹರಿಯುತ್ತದೆ, ಗಾಳಿ ಬಂದಾಗ ಪುಡಿ ಹಾರುತ್ತದೆ. ಆಮೇಲೂ ಒಣಗಿದ ಕಂಬ ವಾರಗಟ್ಟಲೆ ನಿಂತೇ ಇರುತ್ತದೆ.

ಇಷ್ಟು ವಿವರ ಏಕೆ ಎಂದರೆ, ಸೀಳದೆ ಬರೀ ಹೊರಗಿನಿಂದ ನೋಡಿದವರಿಗೆ ಇದು ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುವ ಇನ್ನೊಂದು ಅಣಬೆಯಂತೆಯೇ ಕಾಣುತ್ತದೆ. ಅದು ‘ಕೊಪ್ರಿನಸ್ ಕೊಮೇಟಸ್’, ತಂಪು ದೇಶಗಳ ಹುಲ್ಲುಹಾಸುಗಳಲ್ಲಿ ಬೆಳೆಯುವ ಶಾಯಿ ಅಣಬೆ. ಅದಕ್ಕೂ ಉದ್ದನೆಯ ಬಿಳಿ ಟೊಪ್ಪಿಗೆ, ಅದರ ಮೇಲೂ ಹೊಪ್ಪಳಿಕೆ. ಸೀಳಿದರೆ ಮಾತ್ರ ಎಲ್ಲವೂ ಬೇರೆ. ಅದರ ದಂಟು ಮೆತ್ತಗೆ, ಒಳಗೆ ಟೊಳ್ಳು, ಸುತ್ತ ಸಡಿಲವಾದ ಉಂಗುರ. ಒಳಗೆ ಒತ್ತೊತ್ತಾದ ಕಿವಿರುಗಳಿದ್ದು ಬಿಳಿಯಿಂದ ಗುಲಾಬಿಗೆ, ಗುಲಾಬಿಯಿಂದ ಕಪ್ಪಿಗೆ ತಿರುಗಿ ಕೆಳಅಂಚಿನಿಂದ ಮೇಲಕ್ಕೆ ಕರಗುತ್ತ ಶಾಯಿಯಾಗಿ ತೊಟ್ಟಿಕ್ಕುತ್ತವೆ. ಒಂದೆರಡು ದಿನಗಳಲ್ಲಿ ಅಣಬೆಯೇ ಇರುವುದಿಲ್ಲ. ಒಂದು ಕರಗಿ ಹೋಗುತ್ತದೆ, ಇನ್ನೊಂದು ಒಣಗಿ ನಿಲ್ಲುತ್ತದೆ. ಬಿಸಿಲ ನಾಡಿನಲ್ಲಿ ಕಿವಿರು ಬಿಚ್ಚಿದರೆ ಬೀಜಾಣು ಬಲಿಯುವ ಮೊದಲೇ ಒಣಗಿ ಹೋದೀತು. ಆದ್ದರಿಂದ ಪೊಡಾಕ್ಸಿಸ್ ಬೀಜಾಣುಗಳನ್ನು ಮುಚ್ಚಿದ ಟೊಪ್ಪಿಗೆಯೊಳಗೆ ಬಲಿಸಿ, ಪುಡಿಮಾಡಿ, ಗಾಳಿಯ ವಶಕ್ಕೆ ಕೊಡುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಹಾಗೆ ನೋಡಿದರೆ ದಂಟು ನೆತ್ತಿಯವರೆಗೆ ಹೋಗಿರುವುದು, ಟೊಪ್ಪಿಗೆ ಅರಳದಿರುವುದು, ಒಳಗೆ ಪುಡಿ ಇರುವುದು ಬಿಡಿಬಿಡಿ ಗುರುತುಗಳಲ್ಲ. ಮೂರೂ ಒಂದೇ ಬದುಕಿನ ಕ್ರಮಕ್ಕೆ ಸೇರಿದವು. ತರಗತಿಯಲ್ಲಿ ನೀವು ಜೀವವಿಕಾಸದ ಪಾಠ ಮಾಡುವಾಗ ಹೊಂದಾಣಿಕೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಇಲ್ಲೊಂದು ಗಂಭೀರ ಆಕ್ಷೇಪಣೆ ಬರುತ್ತದೆ. ‘ಹೊರಗಣ ಲಕ್ಷಣಗಳ ಕಾಲ ಮುಗಿಯಿತು, ಈಗ ಏನಿದ್ದರೂ ಡಿಎನ್ಎ’ ಎಂಬುದು. ಇದರಲ್ಲಿ ಸತ್ಯವಿದೆ, ಅದಕ್ಕೆ ಪೊಡಾಕ್ಸಿಸ್ಸೇ ಸಾಕ್ಷಿ. ಪುಡಿಯಾಗುವ ಒಳಭಾಗವನ್ನು ನೋಡಿ ಹಿಂದಿನವರು ಇದನ್ನು ನೆಲದ ಮೇಲೆ ಚೆಂಡಿನಂತೆ ಬೆಳೆದು ಹೊಗೆ ಉಗುಳುವ ಅಣಬೆಗಳ ಗುಂಪಿಗೆ ಸೇರಿಸಿದ್ದರು. ಲಿನೇಯಸ್ ಇಟ್ಟ ಮೊದಲ ಹೆಸರೇ ಆ ಗುಂಪಿನದು. 1990ರ ದಶಕದಲ್ಲಿ ಡಿಎನ್ಎ ಹೋಲಿಸಿ ನೋಡಿದಾಗ ಇದರ ಹತ್ತಿರದ ಬಂಧು ಆ ಶಾಯಿ ಅಣಬೆ ಕೊಪ್ರಿನಸ್ ಕೊಮೇಟಸ್ ಎಂದು ತಿಳಿಯಿತು. ಇನ್ನೂ ಅಚ್ಚರಿಯೆಂದರೆ, ಶಾಯಿಯಾಗಿ ಕರಗುವುದೊಂದೇ ಗುಣದಿಂದ ‘ಕೊಪ್ರಿನಸ್’ ಎಂದು ಒಟ್ಟಿಗೆ ಕರೆಯಲಾಗುತ್ತಿದ್ದ ಉಳಿದ ಬಹುಪಾಲು ಅಣಬೆಗಳು ದೂರದ ಬೇರೆ ಕುಟುಂಬಕ್ಕೆ ಸೇರಿದವೆಂದು ಕಂಡು 2001ರಲ್ಲಿ ಆ ಕುಲವನ್ನೇ ಒಡೆಯಬೇಕಾಯಿತು. ಪೊಡಾಕ್ಸಿಸ್ ಒಳಗೂ ಅಷ್ಟೆ: ದಕ್ಷಿಣ ಆಫ್ರಿಕಾ ಭಾಗದ ಮಾದರಿಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದೇ ಹೆಸರಿನಡಿ ಹಲವು ಬೇರೆ ಬೇರೆ ವಂಶಗಳು ಅಡಗಿವೆ ಎಂದು ತೋರಿಸಿತು. ಅವುಗಳಲ್ಲಿ ಕೆಲವು ಹುಲ್ಲು ಕತ್ತರಿಸುವ ಗೆದ್ದಲಿನ ಹುತ್ತದ ಮೇಲೆ ಬೆಳೆಯುವವು, ಕೆಲವು ಹುತ್ತದ ಹಂಗಿಲ್ಲದೆ ಬರೀ ನೆಲದಲ್ಲಿ ಏಳುವವು. ಆದರೆ ಇದರಿಂದ ಹೊರಡುವ ತೀರ್ಮಾನ ಲಕ್ಷಣಗಳನ್ನು ನೋಡಬೇಡಿ ಎಂದಲ್ಲ. ಯಾವ ಲಕ್ಷಣಕ್ಕೆ ಎಷ್ಟು ತೂಕ ಎಂಬುದು ಮಾತ್ರ ಬದಲಾಯಿತು. ಆ ಅಧ್ಯಯನದಲ್ಲೇ ವಂಶಗಳನ್ನು ಬೇರ್ಪಡಿಸಿದಾಗ ಅರ್ಥ ಕೊಟ್ಟದ್ದು ‘ಹುತ್ತದ ಮೇಲೋ, ಬರೀ ನೆಲದ ಮೇಲೋ’ ಎಂಬ, ಯಾರೋ ಕಿತ್ತ ದಿನವೇ ಬರೆದಿಟ್ಟ ಒಂದು ಸಾಲು. ಆ ಸಾಲು ಇಲ್ಲದಿದ್ದರೆ ಡಿಎನ್ಎ ಏನನ್ನು ಹೇಳಿದರೂ ಅರ್ಧವೇ ಹೇಳುತ್ತಿತ್ತು. ಜೊತೆಗೆ, ಡಿಎನ್ಎ ತೆಗೆಯಲು ಒಣಗಿಸಿಟ್ಟ ಮಾದರಿ ಬೇಕು. ಫೋಟೊದಿಂದ ಡಿಎನ್ಎ ಬರುವುದಿಲ್ಲ.

ಮೊಬೈಲ್ ಆ್ಯಪ್‌ಗಳ ಮಾತಿಗೂ ಇಲ್ಲೇ ಬರುತ್ತೇನೆ. ಫೋಟೊ ಹಾಕಿದರೆ ಕ್ಷಣದಲ್ಲಿ ಲ್ಯಾಟಿನ್ ಹೆಸರು ಬರುವಾಗ ಬ್ಲೇಡು, ಕಾಗದ, ಪೆನ್ಸಿಲ್ ಏಕೆ ಎಂದು ವಿದ್ಯಾರ್ಥಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ವಿಷಮಾಹಿತಿ ಕೇಂದ್ರಕ್ಕೆ ಬಂದ ಅಣಬೆಗಳ ಫೋಟೊಗಳನ್ನೇ ಬಳಸಿ ಮೂರು ಆ್ಯಪ್‌ಗಳನ್ನು ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಚೆನ್ನಾಗಿ ಮಾಡಿದ ಆ್ಯಪ್ ಕೂಡ ಸರಿಯಾದ ಹೆಸರು ಹೇಳಿದ್ದು ಅರ್ಧಕ್ಕಿಂತ ಕಡಿಮೆ ಬಾರಿ. ಅಲ್ಲಿಯ ಅಣಬೆಗಳ ಚಿತ್ರಗಳಾದರೂ ಜಾಲದಲ್ಲಿ ಬೇಕಾದಷ್ಟಿವೆ, ದಖ್ಖನಿನ ಒಣನೆಲದ್ದು ಎಷ್ಟಿದ್ದಾವು? ಕಡಿಮೆ ನೋಡಿದ್ದನ್ನು ಹೆಚ್ಚು ನೋಡಿದ್ದಕ್ಕೆ ಹೋಲಿಸಿ ಹೇಳುವುದು ಇಂಥ ಯಂತ್ರಗಳ ಸ್ವಭಾವ. ಪೊಡಾಕ್ಸಿಸ್ ತೋರಿಸಿದರೆ ಯುರೋಪಿನ ಹುಲ್ಲುಹಾಸಿನ ಶಾಯಿ ಅಣಬೆಯ ಹೆಸರು ಬರುವ ಸಾಧ್ಯತೆ ಇರುವುದು ಇದೇ ಕಾರಣಕ್ಕೆ. ಆ್ಯಪ್ ಬೇಡವೇ ಬೇಡ ಎನ್ನುತ್ತಿಲ್ಲ. ಅದು ಕೊಟ್ಟ ಹೆಸರನ್ನು ಪರೀಕ್ಷಿಸಬೇಕಾದ ಊಹೆ ಎಂದು ಹಲಗೆಯ ಮೇಲೆ ಬರೆಯಿರಿ. ‘ಇದು ಕೊಪ್ರಿನಸ್ ಆಗಿದ್ದರೆ ದಂಟು ಟೊಳ್ಳಿರಬೇಕು, ಕಿವಿರು ಇರಬೇಕು, ನಾಳೆ ಶಾಯಿ ಸೋರಬೇಕು’ ಎಂದು ಕೆಳಗೆ ಸೇರಿಸಿ. ಆಮೇಲೆ ಸೀಳಿ. ಊಹೆ ಬಿದ್ದರೆ ಬೀಳಲಿ, ವಿಜ್ಞಾನದ ತರಗತಿಗೆ ಅದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಇಷ್ಟರವರೆಗೆ ತಪ್ಪು ಹೆಸರಿನಿಂದ ಆಗುವ ನಷ್ಟ ಬರೀ ದಾಖಲೆಯದು. ಕೆಲವು ಅಣಬೆಗಳಲ್ಲಿ ಅದು ಜೀವದ ಪ್ರಶ್ನೆ. ಮಳೆಯಾದ ಮೇಲೆ ಹುತ್ತದ ಸುತ್ತ ಏಳುವ, ತಿನ್ನುವ ಹುತ್ತದಣಬೆ ‘ಟರ್ಮಿಟೊಮೈಸಿಸ್’ ಕುಲದ್ದು, ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಕೊಟ್ಟ ಹೆಸರು. ಗೆದ್ದಲು ಹುತ್ತದೊಳಗೆ ಸಾಕುವ ಶಿಲೀಂಧ್ರವೇ ಹೊರಗೆ ಹೀಗೆ ಅಣಬೆಯಾಗಿ ಬರುತ್ತದೆ. ಅದನ್ನು ಹೋಲುವ ಇನ್ನೊಂದು ಬಿಳಿ ಕೊಡೆ ದನದ ಹಕ್ಕೆಯ ಸುತ್ತ, ಮೈದಾನದ ಹುಲ್ಲಿನಲ್ಲಿ, ತೋಟದ ಬದಿಯಲ್ಲಿ ಏಳುತ್ತದೆ. ಅದು ‘ಕ್ಲೋರೊಫಿಲಮ್ ಮೊಲಿಬ್ಡೈಟಿಸ್’. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿಸುತ್ತದೆ. ಎರಡರ ವ್ಯತ್ಯಾಸವೂ ಬಹುಪಾಲು ಫೋಟೊದಲ್ಲಿ ಕಾಣದ ಕಡೆಯಲ್ಲೇ ಇದೆ. ಹುತ್ತದಣಬೆಯ ನೆತ್ತಿಯಲ್ಲಿ ಗಟ್ಟಿ ಮೊನೆ ಇರುತ್ತದೆ, ಮಣ್ಣು ಸೀಳಿ ಬರಲಿಕ್ಕೆ. ಅದರ ದಂಟು ನೆಲದಲ್ಲಿ ಮುಗಿಯದೆ ಬೇರಿನಂತೆ ಉದ್ದಕ್ಕೆ ಇಳಿದು ಹುತ್ತದ ಗೂಡನ್ನು ಮುಟ್ಟುತ್ತದೆ. ಸಣ್ಣ ಜಾತಿಗಳಲ್ಲಿ ಈ ಬೇರು ಇಲ್ಲದಿರಬಹುದು ಎಂಬುದನ್ನೂ ನೆನಪಿಡಬೇಕು. ಅದರ ಬೀಜಾಣುವಿನ ಅಚ್ಚು ನಸುಗುಲಾಬಿ. ಕ್ಲೋರೊಫಿಲಮ್‌ಗೆ ಬೇರಿಲ್ಲ, ಬುಡ ದುಂಡಗೆ, ದಂಟಿನ ಸುತ್ತ ಮೇಲೆ ಕೆಳಗೆ ಸರಿಸಬಹುದಾದ ಉಂಗುರ, ಟೊಪ್ಪಿಗೆಯ ಮೇಲೆ ಕಂದು ಹೊಪ್ಪಳಿಕೆ, ಬೀಜಾಣುವಿನ ಅಚ್ಚು ಹಸಿರು. ಅಣಬೆಗಳಲ್ಲಿ ಹಸಿರು ಅಚ್ಚು ಬಹಳ ಅಪರೂಪ, ಆದ್ದರಿಂದ ಅದೊಂದೇ ಗುರುತು ಮುಕ್ಕಾಲು ತೀರ್ಪು ಕೊಡುತ್ತದೆ. ಆದರೆ ಎಳೆಯದರಲ್ಲಿ ಕಿವಿರು ಬೆಳ್ಳಗೇ ಇರುತ್ತದೆ, ಮೋಸ ಹೋಗುವುದು ಅಲ್ಲೇ. ಟೊಪ್ಪಿಗೆಯನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕಿವಿರು ಕೆಳಗಾಗಿ ಇಟ್ಟು, ಮೇಲೊಂದು ಬಟ್ಟಲು ಕವಿಚಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕಾಗದದ ಮೇಲೆ ಕಿವಿರಿನ ಗೆರೆಗಳಂತೆಯೇ ಪುಡಿಯ ಅಚ್ಚು ಬಿದ್ದಿರುತ್ತದೆ. ಇದಕ್ಕೆ ಖರ್ಚು ಏನೂ ಇಲ್ಲ. ಪೊಡಾಕ್ಸಿಸ್‌ಗೆ ಮಾತ್ರ ಈ ಕ್ರಮ ಒದಗುವುದಿಲ್ಲ. ಅದಕ್ಕೆ ಕಿವಿರೇ ಇಲ್ಲವಾದ್ದರಿಂದ ಅಚ್ಚು ಬೀಳುವುದಿಲ್ಲ, ಹಾಗೆ ಬೀಳದಿರುವುದೂ ಒಂದು ಗುರುತು.

‘ನಮ್ಮ ಹಿರಿಯರಿಗೆ ತಿನ್ನುವುದು ಯಾವುದು, ತಿನ್ನಬಾರದ್ದು ಯಾವುದು ಗೊತ್ತಿಲ್ಲವೇ? ಅವರು ಬ್ಲೇಡು ಹಿಡಿದು ಸೀಳಿದ್ದರೇ?’ ಎಂದು ಊರಿನವರು ಕೇಳಬಹುದು. ಈ ಪ್ರಶ್ನೆಯನ್ನು ಗೌರವದಿಂದ ಎದುರಿಸಬೇಕು. ಕುರಿ ಹಿಂದೆ ವರ್ಷವಿಡೀ ತಿರುಗುವ ಹಾಲುಮತದ ಹಿರಿಯರಿಗೆ ಹುಲ್ಲಿನ ಜಾತಿ, ಮಳೆಯ ಸುಳಿವು, ನೆಲದ ಗುಣ ತಿಳಿದಿರುವಷ್ಟು ಯಾವ ಪುಸ್ತಕಕ್ಕೂ ತಿಳಿದಿಲ್ಲ. ಅವರ ಜ್ಞಾನ ಲಕ್ಷಣ ನೋಡದೆ ಬಂದದ್ದೂ ಅಲ್ಲ. ‘ಹುತ್ತದ್ದೋ, ಹಕ್ಕೆಯದ್ದೋ’ ಎಂದು ಅವರು ಮೊದಲು ಕೇಳುತ್ತಾರಲ್ಲ, ಅದೇ ನೆಲೆಯ ಲಕ್ಷಣ. ಬೇರು ಕೆದಕಿ ತೆಗೆಯುತ್ತಾರಲ್ಲ, ಅದೇ ಬುಡದ ಪರೀಕ್ಷೆ. ಆದರೆ ಅಂಥ ಅರಿವು ಒಂದು ನೆಲಕ್ಕೆ ಕಟ್ಟಿಬಿದ್ದದ್ದು. ತಮ್ಮ ನಾಡಿನಲ್ಲಿ ಭತ್ತದಹುಲ್ಲಿನ ಅಣಬೆ ತಿಂದು ಬೆಳೆದ ಆಗ್ನೇಯ ಏಷ್ಯಾದ ವಲಸಿಗರು ಕ್ಯಾಲಿಫೋರ್ನಿಯಾದಲ್ಲಿ ಅದರಂತೆಯೇ ಕಂಡ ‘ಅಮನಿಟಾ ಫ್ಯಾಲಾಯ್ಡಿಸ್’ ತಿಂದು ಸತ್ತ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ತೀರಿಕೊಂಡರು, ಅವರಲ್ಲಿ ಹೆಚ್ಚಿನವರು ಚಹಾತೋಟಗಳ ಬಡವರು. ಅಮನಿಟಾ ಫ್ಯಾಲಾಯ್ಡಿಸ್‌ನ ವಿಷ ಬೇಯಿಸಿದರೆ ಹೋಗುವುದಿಲ್ಲ, ಲಕ್ಷಣ ಕಾಣುವುದು ಆರು ಗಂಟೆಯಿಂದ ಒಂದು ದಿನದ ನಂತರ, ಅಷ್ಟರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದಿರುತ್ತದೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳ ತಿಂದದ್ದು ಮನುಷ್ಯನಿಗೂ ಕ್ಷೇಮ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ಬಿಡಬೇಕು ಎಂಬ ಮಾತುಗಳು ಎಲ್ಲ ದೇಶಗಳಲ್ಲೂ ಇವೆ, ಯಾವುದೂ ನಿಜವಲ್ಲ. ಶಾಲೆಯಲ್ಲಿ ಗುರುತಿಸಿದ ಅಣಬೆಯನ್ನು ತಿನ್ನುವ ಮಾತೇ ಬರಕೂಡದು. ಎಳೆಯ ಪೊಡಾಕ್ಸಿಸ್ಸನ್ನು ರಾಜಸ್ಥಾನದಲ್ಲಿ ಪಲ್ಯ ಮಾಡಿ ತಿನ್ನುತ್ತಾರೆ ಎಂಬುದು ನಿಜ. ಅವರು ತಲೆಮಾರುಗಳಿಂದ ಕಂಡ ಅಣಬೆ ಅದು. ನಿಮ್ಮ ತರಗತಿ ಮೊದಲ ಸಲ ಕಾಣುತ್ತಿರುವ ಅಣಬೆಗೆ ಆ ಅನುಭವವನ್ನು ಎರವಲು ತರಲಾಗದು.

ಈಗ ‘ಅಪರೂಪ’ ಎಂಬ ಮಾತಿಗೆ ಬರುತ್ತೇನೆ. ಹುಡುಗ ಹಿಂದೆಂದೂ ನೋಡದ್ದನ್ನು ತಂದರೆ ‘ಭಾಳ ಅಪರೂಪದ್ದು’ ಎನ್ನುವುದು ಸಹಜ. ಆದರೆ ನಮ್ಮ ಕಣ್ಣಿಗೆ ಅಪರೂಪವಾದದ್ದು ನೆಲಕ್ಕೂ ಅಪರೂಪ ಎಂದೇನಿಲ್ಲ. ಅಣಬೆ ಎಂಬುದು ಮಣ್ಣೊಳಗಿನ ಎಳೆಗಳ ಜಾಲ ಬಿಡುವ ಹಣ್ಣಿನಂಥದ್ದು. ಆ ಜಾಲ ವರ್ಷಗಟ್ಟಲೆ ಒಳಗೇ ಇದ್ದು, ಮಳೆ ಬಿಸಿಲು ಹದವಾಗಿ ಕೂಡಿದಾಗ ಮಾತ್ರ ಕೆಲವು ದಿನ ಹೊರಗೆ ಕಾಣಿಸಿಕೊಳ್ಳುತ್ತದೆ. ಬರಗಾಲ ಸರಣಿಯಾಗಿ ಬರುವ ನಮ್ಮ ಸೀಮೆಯಲ್ಲಿ ಒಂದು ಜಾತಿ ನಾಲ್ಕಾರು ವರ್ಷ ಕಾಣದೆಯೂ ಇದ್ದೀತು. ಪೊಡಾಕ್ಸಿಸ್ ಜಗತ್ತಿನ ಲೆಕ್ಕದಲ್ಲಿ ಅಪರೂಪದ್ದಲ್ಲ. ಆದರೆ ಒಂದು ತಾಲ್ಲೂಕಿನ, ಒಂದು ಗುಡ್ಡದ ಲೆಕ್ಕದಲ್ಲಿ ಅದು ಎಷ್ಟು ಸಲ, ಎಲ್ಲಿ, ಯಾವ ಮಳೆಯ ನಂತರ ಎದ್ದಿತು ಎಂದು ಬರೆದಿಟ್ಟವರಿದ್ದರೆ ಮಾತ್ರ ಆ ಮಾತಿಗೆ ಅರ್ಥ ಬರುತ್ತದೆ. ಇಡೀ ಜಗತ್ತಿನಲ್ಲೂ ಶಿಲೀಂಧ್ರಗಳ ಸ್ಥಿತಿ ಹೆಚ್ಚುಕಡಿಮೆ ಇದೇ. ಹೆಸರಿಟ್ಟದ್ದು ಒಂದೂವರೆ ಲಕ್ಷ ಜಾತಿಗಳಾದರೆ ಇರಬಹುದಾದದ್ದು ಸುಮಾರು 25 ಲಕ್ಷ ಎಂದು ಅಂದಾಜು. ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಪರಿಶೀಲಿಸಲಾದ ಶಿಲೀಂಧ್ರಗಳ ಸಂಖ್ಯೆ ಸಾವಿರ ದಾಟಿದ ಸುದ್ದಿ ಬಂದದ್ದು 2025ರ ಮಾರ್ಚ್‌ನಲ್ಲಿ, ಆಗ ಅವುಗಳಲ್ಲಿ 411 ಅಪಾಯದಲ್ಲಿದ್ದವು. ಪರಿಶೀಲನೆಗೇ ಬಾರದ ಉಳಿದ ಬಹುಪಾಲು ಜಾತಿಗಳ ಬಗ್ಗೆ ಹೇಳಲು ಸಾಕಷ್ಟು ದಾಖಲೆಯಿಲ್ಲ.

ದಾಖಲೆಗೆ ಅವಸರವೂ ಇದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಬಂದಿದೆ, ಕೆರೆಗಳು ತುಂಬಿವೆ, ತಿಕೋಟಾದ ದ್ರಾಕ್ಷಿ ಹಬ್ಬುತ್ತಿದೆ. ತಲೆಮಾರುಗಳ ಕಾಲ ನೀರಿಗಾಗಿ ಬಾಯಿಬಿಟ್ಟ ನೆಲಕ್ಕೆ ಇದು ಬಂದದ್ದು ನ್ಯಾಯ, ಅದರ ವಿರುದ್ಧ ಒಂದು ಮಾತೂ ಇಲ್ಲಿಲ್ಲ. ಆದರೆ ಬೀಳು ಬಿಟ್ಟ ಗರಸು ನೆಲ ತೋಟವಾದಾಗ ಹುತ್ತಗಳು ಸಮತಟ್ಟಾಗುತ್ತವೆ, ಹುಲ್ಲು ಹೋಗುತ್ತದೆ, ಮಣ್ಣಿನ ತೇವ ಬದಲಾಗುತ್ತದೆ. ಒಣನೆಲಕ್ಕೆ ಒಗ್ಗಿದ ಅಣಬೆ ಎಲ್ಲಿ ಉಳಿಯಿತು, ಎಲ್ಲಿ ಹೋಯಿತು ಎಂದು ಇಪ್ಪತ್ತು ವರ್ಷಗಳ ಮೇಲೆ ಕೇಳುವವರಿಗೆ ಇಂದಿನ ಸ್ಥಿತಿ ಗೊತ್ತಿರಬೇಕಲ್ಲ. ಮುಮ್ಮೆಟ್ಟಿ ಗುಡ್ಡದ ಇಳಿಜಾರು ಇನ್ನೂ ಹುಲ್ಲುಗಾವಲಾಗಿರುವಾಗಲೇ ಅಲ್ಲಿ ಏನು ಏಳುತ್ತದೆ ಎಂದು ಬರೆದಿಡುವುದು ನಿಮ್ಮ ಶಾಲೆಗಳಿಗೆ ಮಾತ್ರ ಸಾಧ್ಯ. ಧಾರವಾಡದಿಂದಲೋ ಬೆಂಗಳೂರಿನಿಂದಲೋ ಬರುವ ಸಂಶೋಧಕ ಒಂದು ದಿನ ಬಂದು ಹೋದಾನು. ಮಳೆ ಬಿದ್ದ ಮೂರನೆಯ ದಿನ ಅಲ್ಲಿರುವವರು ನಿಮ್ಮ ವಿದ್ಯಾರ್ಥಿಗಳು.

ಅಪರೂಪದ್ದಾದರೆ ಕೀಳುವುದೇ ತಪ್ಪಲ್ಲವೇ ಎಂದು ಪರಿಸರ ಕಾಳಜಿಯವರು ಕೇಳುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ 1975ರಿಂದ 2003ರವರೆಗೆ ಕಾಡಿನ ತುಂಡುಗಳಲ್ಲಿ ಅಣಬೆ ಕಿತ್ತೂ ಕೀಳದೆಯೂ ಹೋಲಿಸಿ ನೋಡಿದ ದೀರ್ಘ ಅಧ್ಯಯನದಲ್ಲಿ, ಕಿತ್ತದ್ದರಿಂದ ಮುಂದಿನ ವರ್ಷಗಳ ಬೆಳೆ ಕಡಿಮೆಯಾದದ್ದು ಕಂಡುಬರಲಿಲ್ಲ. ಕಾಲಿನಿಂದ ತುಳಿದ ಕಡೆ ಮಾತ್ರ ಏಳುವುದು ಕಡಿಮೆಯಾಯಿತು. ಅದು ತಂಪು ದೇಶದ ಕಾಡು, ನಮ್ಮ ಗರಸಿಗೆ ಹಾಗೇ ಅನ್ವಯಿಸಲಾಗದು. ಅದಕ್ಕೇ ಎಚ್ಚರಿಕೆಯ ನಿಯಮವಿರಲಿ: ಹತ್ತಾರು ಎದ್ದಿದ್ದರೆ ಬಲಿತದ್ದೊಂದು, ಎಳೆಯದ್ದೊಂದು ತೆಗೆಯಿರಿ. ಒಂದೇ ಇದ್ದರೆ ಅದನ್ನು ಪುಡಿ ಹಾರಿಸಲು ಬಿಟ್ಟು, ಅಲ್ಲೇ ಅಳತೆ, ಫೋಟೊ, ಕಾಗದಕ್ಕೆ ಬಿದ್ದ ಚಿಟಿಕೆ ಪುಡಿ ಇಷ್ಟರಲ್ಲಿ ಮುಗಿಸಿ. ಇಡೀ ತರಗತಿಯನ್ನು ಕರೆದೊಯ್ದು ಸುತ್ತ ತುಳಿಸಬೇಡಿ.

ಕೊನೆಯ ಆಕ್ಷೇಪಣೆ ನಿಮ್ಮದೇ ಇರಬಹುದು. ಪಠ್ಯ ಮುಗಿಸಲು ಸಮಯವಿಲ್ಲ, ಸೂಕ್ಷ್ಮದರ್ಶಕ ಕೆಟ್ಟು ಕಪಾಟಿನಲ್ಲಿದೆ, ಇಷ್ಟು ಸೂಕ್ಷ್ಮ ಹಳ್ಳಿಯ ಮಕ್ಕಳಿಗೆ ಹೇಗೆ? ಸಮಯದ ಕಷ್ಟ ನಿಜವೇ. ಮಕ್ಕಳ ಶಕ್ತಿಯ ಬಗೆಗಿನ ಸಂದೇಹವನ್ನು ಮಾತ್ರ ಒಪ್ಪಲಾರೆ. ತಿಕೋಟಾದ ಯಾವುದೇ ದ್ರಾಕ್ಷಿ ತೋಟದ ಮನೆಯ ಹುಡುಗಿಯನ್ನು ಕೇಳಿ, ದಾವಣಿ ರೋಗಕ್ಕೂ ಬೂರಿ ರೋಗಕ್ಕೂ ಏನು ವ್ಯತ್ಯಾಸವೆಂದು. ದಾವಣಿಯಾದರೆ ಎಲೆಯ ಮೇಲೆ ಎಣ್ಣೆ ಬಿದ್ದಂಥ ಕಲೆ, ಎಲೆ ತಿರುವಿದರೆ ಕೆಳಗೆ ಬಿಳಿ ಬೂಜು. ಬೂರಿಯಾದರೆ ಎಲೆ ಕಾಯಿಗಳ ಮೇಲೇ ಬೂದಿ ಎರಚಿದಂತೆ. ಒಂದು ಮೋಡ, ತೇವ ಹಿಡಿದು ಬರುವುದು, ಇನ್ನೊಂದು ಒಣ ಹವೆಯಲ್ಲೂ ಬರುವುದು, ಔಷಧಿ ಬೇರೆ ಬೇರೆ. ತಪ್ಪು ಗುರುತಿಸಿದರೆ ಸಿಂಪಡಣೆಯ ದುಡ್ಡೂ ಹೋಯಿತು, ಬೆಳೆಯೂ ಹೋಯಿತು. ಎಲೆಯನ್ನು ತಿರುವಿ ನೋಡಿ ತೀರ್ಮಾನಿಸುವ ಈ ವಿದ್ಯೆ ಆ ಮನೆಗಳಲ್ಲಿ ಈಗಾಗಲೇ ಇದೆ, ಅಣಬೆಯನ್ನು ತಿರುವಿ, ಸೀಳಿ ನೋಡುವುದು ಅದರ ಮುಂದುವರಿಕೆ. ಸೂಕ್ಷ್ಮದರ್ಶಕ ಇಲ್ಲದೆಯೂ ಬುಡ, ದಂಟಿನ ಒಳಗು, ಕಿವಿರೋ ಪುಡಿಯೋ, ಬೀಜಾಣುವಿನ ಬಣ್ಣ, ಎದ್ದ ನೆಲ, ಇಷ್ಟು ಸಿಗುತ್ತವೆ. ಇಷ್ಟರಿಂದ ಪೊಡಾಕ್ಸಿಸ್ ಕುಲವನ್ನು ಭರವಸೆಯಿಂದ ಹೇಳಬಹುದು. ಜಾತಿಯನ್ನು ಹೇಳಲಾಗದು, ಹೇಳಬೇಕಾಗಿಯೂ ಇಲ್ಲ. ‘ಪೊಡಾಕ್ಸಿಸ್, ಜಾತಿ ತೀರ್ಮಾನವಾಗಿಲ್ಲ’ ಎಂದು ಬರೆದ ಚೀಟಿ ತಪ್ಪು ಪೂರ್ತಿ ಹೆಸರಿಗಿಂತ ಬೆಲೆಯುಳ್ಳದ್ದು.

ಆ ಚೀಟಿಯಲ್ಲಿ ದಿನಾಂಕ, ಊರು, ಹೊಲದ ಅಥವಾ ಗುಡ್ಡದ ಯಾವ ಬದಿ, ಮಣ್ಣು ಎರೆಯೋ ಗರಸೋ, ಹುತ್ತದಿಂದ ಎಷ್ಟು ದೂರ, ಸುತ್ತ ಯಾವ ಗಿಡ, ಹಿಂದಿನ ಮಳೆ ಎಂದು ಬಿದ್ದದ್ದು, ಹಸಿಯಾಗಿದ್ದಾಗ ಉದ್ದ ಮತ್ತು ಬಣ್ಣ, ಸೀಳಿದಾಗ ಕಂಡದ್ದು, ಇಷ್ಟಿರಲಿ. ಬಣ್ಣವನ್ನು ಅಂದೇ ಬರೆಯಬೇಕು, ಒಣಗಿದ ಮೇಲೆ ಅದು ಹೋಗಿಬಿಡುತ್ತದೆ. ಬಲಿತದ್ದನ್ನು ಸೀಳುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆಮೇಲೆ ಕೈ ತೊಳೆಯಿರಿ. ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ವರ್ತಮಾನ ಪತ್ರಿಕೆಯ ಪೊಟ್ಟಣದಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬೆವೆತು ಬೂಜು ಹಿಡಿಯುತ್ತದೆ. ಪೊಟ್ಟಣದ ಜೊತೆ ಒಂದೆರಡು ಬೇವಿನ ಎಲೆ ಹಾಕಿದರೆ ಹುಳದ ಕಾಟ ಕಡಿಮೆ. ನಿಮ್ಮ ಊರಿಗೆ ಹತ್ತಿರವೆಂದರೆ ವಿಜಯಪುರದ ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯವಿದೆ, ಸಸ್ಯರೋಗ ವಿಭಾಗದವರಿಗೆ ಶಿಲೀಂಧ್ರ ಹೊಸದಲ್ಲ. ಒಣಮಾದರಿಗಳನ್ನು ಕಾಯ್ದಿಡುವ ದೊಡ್ಡ ಸಂಗ್ರಹ ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿದೆ, ಅಜ್ರೇಕರ್ ಹೆಸರಿನ ಶಿಲೀಂಧ್ರ ಸಂಗ್ರಹಾಲಯ ಅದು. ಶಿಲೀಂಧ್ರಶಾಸ್ತ್ರಜ್ಞ ಇ. ಜೆ. ಬಟ್ಲರ್ 1905ರಲ್ಲಿ ಆರಂಭಿಸಿದ ಸಂಗ್ರಹ ಇಂದು ದೆಹಲಿಯಲ್ಲಿದೆ. ಚೀಟಿ ಇಲ್ಲದ ಅಣಬೆ ಅಲ್ಲಿ ಒಣಕಸ. ಚೀಟಿ ಇದ್ದರೆ ನೂರು ವರ್ಷಗಳ ಮೇಲೂ ಅದರಿಂದ ಡಿಎನ್ಎ ತೆಗೆಯಲು ಯತ್ನಿಸುವವರು ಇರುತ್ತಾರೆ.

ಈ ಸಲ ಹುಬ್ಬಿ ಮಳೆ ಹಿಡಿದಾಗ ಪ್ರತಿ ಶಾಲೆಯಲ್ಲಿ ಒಂದು ನೋಟುಬುಕ್ ತೆರೆಯಿರಿ. ಏನೂ ಸಿಗದ ವಾರದಲ್ಲೂ ದಿನಾಂಕ ಹಾಕಿ ‘ಹುಡುಕಿದೆವು, ಸಿಗಲಿಲ್ಲ’ ಎಂದು ಬರೆಸಿ. ಎಲ್ಲಿ, ಎಷ್ಟು ಹೊತ್ತು ಹುಡುಕಿದಿರಿ ಎಂಬುದೂ ಅದರಲ್ಲಿ ಇರಲಿ.

ಇಂತಿ ವಿಶ್ವಾಸದ,
ಒಣನೆಲದ ಅಣಬೆಗಳ ಬಗ್ಗೆ ಕಾಳಜಿಯುಳ್ಳ ಬರಹಗಾರ